ಶಾಲೆಯಲ್ಲಿ ಮಕ್ಕಳಿಗೆ ಫ್ಲೂ ಲಸಿಕೆ ಹಾಕುವ ಕ್ರಮ: ಐಸ್ ಪೆಟ್ಟಿಗೆಯಿಂದ ಅರ್ಧ ಗಂಟೆಯ ಕಾವಲಿನವರೆಗೆ

ದಾವಣಗೆರೆ ಸುತ್ತಮುತ್ತಲಿನ ಶಾಲೆಗಳಲ್ಲಿ ಫ್ಲೂ ಲಸಿಕೆ ಶಿಬಿರ ಮುಗಿಸಿ ಬಂದ ಸಿಸ್ಟರ್‌ಗಳು ಹೇಳುವ ತೊಂದರೆಗಳು ವರ್ಷವೂ ಅವೇ. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ತಲೆತಿರುಗಿ ಬಿದ್ದಳು, ಅವಳನ್ನು ನೋಡಿ ಇನ್ನೂ ನಾಲ್ಕು ಮಂದಿ ಕುಸಿದರು. ಐಸ್ ಪ್ಯಾಕಿಗೆ ತಾಗಿದ್ದ ಸಿರಿಂಜುಗಳು ಗಟ್ಟಿಯಾಗಿದ್ದವು, ಕರಗಿದ ಮೇಲೆ ಹಾಕಿಬಿಟ್ಟೆವು. ತಿಂಗಳಾದರೂ ಹುಡುಗನಿಗೆ ಭುಜ ಎತ್ತಲು ಬರುತ್ತಿಲ್ಲ ಎಂದು ತಾಯಿ ಬಂದು ಕೂತಿದ್ದಾರೆ. ಒಂದನೇ ಕ್ಲಾಸಿನವರ ಎರಡನೇ ಡೋಸ್ ಯಾರಿಗೂ ನೆನಪಾಗಲೇ ಇಲ್ಲ.

ಇದರಲ್ಲಿ ಭುಜದ ನೋವೊಂದನ್ನು ಬಿಟ್ಟರೆ ಯಾವುದೂ ಸೂಜಿ ಹಿಡಿಯುವ ಕೈಯ ತಪ್ಪಲ್ಲ. ಸೂಜಿ ಒಳಗೆ ಹೋಗಿ ಹೊರಗೆ ಬರಲು ಐದು ಸೆಕೆಂಡು ಸಾಕು. ಕೆಡುವುದು ಅದಕ್ಕೆ ಮುಂಚೆ, ಇಲ್ಲವೇ ಆಮೇಲೆ. ಅದಕ್ಕೇ ಇಲ್ಲಿ ಚುಚ್ಚುವುದಕ್ಕಿಂತ ಹೆಚ್ಚಾಗಿ ಪೆಟ್ಟಿಗೆ, ಸಾಲು, ಕುರ್ಚಿ, ಕಾವಲು ಇವುಗಳ ಬಗ್ಗೆ ಬರೆದಿದ್ದೇನೆ.

ಇದು ತರಬೇತಿ ಪಡೆದು ನೋಂದಣಿಯಾದ ನರ್ಸ್‌ಗಳಿಗೆ, ಎಎನ್‌ಎಂಗಳಿಗೆ (ಆರೋಗ್ಯ ಕೇಂದ್ರದ ಸಹಾಯಕ ನರ್ಸ್‌ಗಳಿಗೆ), ಅವರ ಜೊತೆ ನಿಲ್ಲುವ ಶಿಕ್ಷಕರಿಗೆ. ಫ್ಲೂ ಲಸಿಕೆ ಸರ್ಕಾರದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿಲ್ಲ. 10 ಮತ್ತು 16ನೇ ವರ್ಷಕ್ಕೆ ಹಾಕುವ ಟಿಡಿ (ಧನುರ್ವಾಯು, ಗಂಟಲಮಾರಿ) ಲಸಿಕೆಯ ಹಾಗೆ ಇದು ಆರೋಗ್ಯ ಕೇಂದ್ರದಿಂದ ಬರುವುದಿಲ್ಲ. ಶಾಲೆಯವರೋ ಪೋಷಕರೋ ದುಡ್ಡು ಕೊಟ್ಟು ಮಕ್ಕಳ ಡಾಕ್ಟರ ಮೂಲಕ ತರಿಸುತ್ತಾರೆ. ಹಾಗಾಗಿ ಹೊಣೆ ಹೊತ್ತ ಡಾಕ್ಟರು ಸ್ಥಳದಲ್ಲೇ ಇರಬೇಕು. ಅವರು ಬರುವ ತನಕ ಪೆಟ್ಟಿಗೆ ತೆಗೆಯಬೇಡಿ.

1. ದಿನ ಗೊತ್ತು ಮಾಡುವುದು

ನಮ್ಮ ಕಡೆ ಫ್ಲೂ ಹೆಚ್ಚುವುದು ಮಳೆಗಾಲದಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಲಸಿಕೆ ಹಾಕಿದ ಮೇಲೆ ಮೈಯಲ್ಲಿ ರಕ್ಷಣೆ ಕೂಡಿಕೊಳ್ಳಲು ಸುಮಾರು ಎರಡು ವಾರ ಬೇಕು. ಲೆಕ್ಕ ಹಾಕಿದರೆ ಏಪ್ರಿಲ್, ಮೇ ಒಳ್ಳೆಯ ಕಾಲ. ಆದರೆ ಆಗ ಬೇಸಿಗೆ ರಜೆ, ಮಕ್ಕಳು ಅಜ್ಜಿ ಊರಲ್ಲಿರುತ್ತಾರೆ. ಉಳಿಯುವುದು ಎರಡು ದಾರಿ: ಪರೀಕ್ಷೆ ಮುಗಿದು ರಜೆ ಬಿಡುವ ಮುಂಚಿನ ವಾರ, ಇಲ್ಲವೇ ಶಾಲೆ ಮತ್ತೆ ತೆರೆದ ಮೊದಲ ವಾರ. ನನ್ನ ಮತ ಮೊದಲನೆಯದಕ್ಕೆ. ಆ ವಾರ ಹಾಜರಾತಿ ಕಡಿಮೆ, ಅದಕ್ಕೆ ಪರೀಕ್ಷೆಯ ಕೊನೇ ದಿನವೇ ಹಾಕಿಕೊಳ್ಳಿ. ಪರೀಕ್ಷೆಗೆ ಮುಂಚಿನ ದಿನ ಮಾತ್ರ ಬೇಡ. ಕೈ ನೋವು, ಸಣ್ಣ ಜ್ವರ ಬಂದರೂ ಮಗುವಿಗೆ ಕಷ್ಟ, ಬಯ್ಗುಳ ನಿಮಗೆ.

ಲಸಿಕೆ ತರಿಸುವಾಗ ಡಬ್ಬದ ಮೇಲೆ ಯಾವ ಸಾಲಿನದು ಎಂದು ಓದಿ. ವೈರಸ್ ಬದಲಾಗುತ್ತಲೇ ಇರುವುದರಿಂದ ಲಸಿಕೆಯಲ್ಲಿ ಯಾವ ತಳಿಗಳಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ ಹೇಳುತ್ತದೆ: ಉತ್ತರ ಗೋಳಕ್ಕೆ ಫೆಬ್ರವರಿಯಲ್ಲಿ, ದಕ್ಷಿಣ ಗೋಳಕ್ಕೆ ಸೆಪ್ಟೆಂಬರ್‌ನಲ್ಲಿ. ನಮ್ಮ ಮಳೆಗಾಲಕ್ಕೆ ಹೊಸದಾಗಿ ಬಂದ ಸಾಲಿನದೇ ಆಗಬೇಕು. ರಿಯಾಯಿತಿಗೆ ಸಿಕ್ಕಿತೆಂದು ಹಿಂದಿನ ಸಾಲಿನ ದಾಸ್ತಾನು ತರಬೇಡಿ.

2. ಒಪ್ಪಿಗೆ ಪತ್ರ, ಎರಡು ಪಟ್ಟಿ

ತಂದೆ ಅಥವಾ ತಾಯಿಯ ಸಹಿ ಇಲ್ಲದ ಮಗುವಿಗೆ ಸೂಜಿ ಇಲ್ಲ. ಫೋನಿನಲ್ಲಿ "ಹಾಕಿಬಿಡಿ ಮೇಡಂ" ಅಂದರೂ ಇಲ್ಲ. ಪತ್ರ ಕನ್ನಡದಲ್ಲಿರಲಿ, ಒಂದೇ ಹಾಳೆಯಲ್ಲಿ ಮುಗಿಯಲಿ. ಕೇಳಬೇಕಾದದ್ದು ಇಷ್ಟು: ಮಗುವಿನ ವಯಸ್ಸು ಮತ್ತು ತೂಕ, ಹಿಂದೆ ಫ್ಲೂ ಲಸಿಕೆ ಹಾಕಿಸಿದ್ದೀರಾ, ಯಾವುದಾದರೂ ಲಸಿಕೆಯಿಂದ ದೊಡ್ಡ ತೊಂದರೆ ಆಗಿತ್ತೇ, ಉಬ್ಬಸ ಅಥವಾ ಬೇರೆ ಕಾಯಿಲೆ ಇದೆಯೇ, ಸೂಜಿ ಕಂಡರೆ ತಲೆ ಸುತ್ತಿ ಬಿದ್ದದ್ದುಂಟೇ.

ಮೊಟ್ಟೆಯ ಪ್ರಶ್ನೆ ಕೇಳುವಾಗ ನಮ್ಮ ಊರಲ್ಲಿ ಎಚ್ಚರ ಬೇಕು. ಹೆಚ್ಚಿನ ಫ್ಲೂ ಲಸಿಕೆಗಳನ್ನು ಮೊಟ್ಟೆಯಲ್ಲಿ ಬೆಳೆಸುವುದರಿಂದ ಮೊಟ್ಟೆ ಅಲರ್ಜಿ ಇದೆಯೇ ಎಂದು ಕೇಳುತ್ತಾರೆ. "ಮೊಟ್ಟೆ ಆಗಲ್ಲ" ಎಂದು ಬರೆದು ಕಳಿಸಿದ ಹತ್ತು ಮನೆಯಲ್ಲಿ ಒಂಬತ್ತು ಮನೆಯವರು ಹೇಳುತ್ತಿರುವುದು "ನಾವು ಮೊಟ್ಟೆ ತಿನ್ನುವವರಲ್ಲ" ಎಂದು. ಅದನ್ನು ಅಲರ್ಜಿ ಎಂದುಕೊಂಡು ಮಗುವನ್ನು ವಾಪಸ್ ಕಳಿಸಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಪ್ರಶ್ನೆಯನ್ನೇ ಬದಲಿಸಿ: "ಮೊಟ್ಟೆ ತಿಂದಾಗ ಮೈಮೇಲೆ ದದ್ದು ಎದ್ದು, ತುಟಿ ಊದಿ, ಉಸಿರಾಟಕ್ಕೆ ಕಷ್ಟ ಆಗಿತ್ತಾ?" ಹೌದು ಎಂದವರ ವಿಚಾರ ಡಾಕ್ಟರಿಗೆ ಬಿಡಿ, ಅಂಥ ಮಗುವಿಗೆ ಶಾಲೆಯಲ್ಲಲ್ಲ, ಆಸ್ಪತ್ರೆಯಲ್ಲಿ ಹಾಕುವುದು ಕ್ಷೇಮ.

ಉಬ್ಬಸದ ಮಕ್ಕಳದ್ದು ಇನ್ನೊಂದು ಕಥೆ. "ಅವನಿಗೆ ವೀಸಿಂಗ್ ಇದೆ ಸಿಸ್ಟರ್, ಬೇಡ" ಎಂದು ಕ್ಲಾಸ್ ಟೀಚರ್ ಸಾಲಿನಿಂದ ಪಕ್ಕಕ್ಕೆ ನಿಲ್ಲಿಸುತ್ತಾರೆ. ಪ್ರೀತಿಯಿಂದ ಮಾಡುವ ತಪ್ಪು ಇದು. ಭಾರತೀಯ ಮಕ್ಕಳ ವೈದ್ಯರ ಸಂಘವು ಫ್ಲೂ ಲಸಿಕೆಯನ್ನು 5 ವರ್ಷದವರೆಗೆ ಎಲ್ಲ ಮಕ್ಕಳಿಗೂ, ಅದಾದ ಮೇಲೆ ಆಸ್ತಮಾ, ಹೃದಯದ ತೊಂದರೆ, ಸಕ್ಕರೆ ಕಾಯಿಲೆಯಂಥವು ಇರುವ ಮಕ್ಕಳಿಗೆ ಮುಖ್ಯವಾಗಿ ಹೇಳುತ್ತದೆ. ಎಂದರೆ ಟೀಚರ್ ಪಕ್ಕಕ್ಕೆ ನಿಲ್ಲಿಸಿದ ಆ ಹುಡುಗನಿಗೇ ಎಲ್ಲರಿಗಿಂತ ಮೊದಲು ಬೇಕಾದ ಲಸಿಕೆ ಇದು. ಆ ದಿನ ಉಸಿರಾಟ ಸರಿಯಿದ್ದರೆ ಅವನನ್ನು ಬಿಡಬೇಡಿ.

ಪತ್ರಗಳು ಬಂದ ಮೇಲೆ ಎರಡು ಪಟ್ಟಿ ಮಾಡಿ. 9 ವರ್ಷ ಮತ್ತು ಮೇಲ್ಪಟ್ಟವರಿಗೆ ಒಂದೇ ಡೋಸ್. 8 ವರ್ಷ ಮತ್ತು ಒಳಗಿನವರು ಮೊದಲ ಸಲ ಹಾಕಿಸಿಕೊಳ್ಳುತ್ತಿದ್ದರೆ ಎರಡು ಡೋಸ್, ನಡುವೆ ಕನಿಷ್ಠ 4 ವಾರ. ಈ ಎರಡನೇ ಪಟ್ಟಿಯನ್ನು ಬೇರೆ ಬಣ್ಣದ ಹಾಳೆಯಲ್ಲಿ ಬರೆಯಿರಿ, ಮುಂದೆ ಬೇಕಾಗುತ್ತದೆ.

3. ಸಾಮಾನು

ಹಿಂದಿನ ಸಂಜೆಯೇ ಮೇಜಿನ ಮೇಲೆ ಜೋಡಿಸಿ ಎಣಿಸಿ: ಲಸಿಕೆ ತುಂಬಿದ ಸಿರಿಂಜುಗಳು, ವ್ಯಾಕ್ಸಿನ್ ಕ್ಯಾರಿಯರ್ (ಲಸಿಕೆ ಒಯ್ಯುವ ತಣ್ಣನೆ ಪೆಟ್ಟಿಗೆ), ಅದರೊಳಗೆ ಇಡುವ ಥರ್ಮಾಮೀಟರ್, ಹತ್ತಿ, ಕೈಗೆ ಹಚ್ಚುವ ಸ್ಯಾನಿಟೈಸರ್, ಸೂಜಿ ಹಾಕುವ ಬಿಳಿ ಗಟ್ಟಿ ಡಬ್ಬ, ಕೆಂಪು ಮತ್ತು ಹಳದಿ ಚೀಲ, ಜ್ವರ ನೋಡುವ ಥರ್ಮಾಮೀಟರ್, ಬಿಪಿ ಯಂತ್ರ, ರಿಜಿಸ್ಟರ್, ಎರಡು ಚಾಪೆ, ಎರಡು ದಿಂಬು.

ಎಮರ್ಜೆನ್ಸಿ ಕಿಟ್ ಬೇರೆ. ಅದರಲ್ಲಿ ಅಪಾಯದ ಅಲರ್ಜಿಗೆ ಕೊಡುವ 1:1000 ಅಡ್ರಿನಲಿನ್ ಆಂಪೂಲ್‌ಗಳು, 1 ಎಂಎಲ್ ಸಿರಿಂಜು, 25 ಎಂಎಂ ಸೂಜಿಗಳು ಇರಬೇಕು. ಆಂಪೂಲ್ ಮೇಲಿನ ತಾರೀಕು ಓದಿ. ಮೂಲೆಯಲ್ಲಿ ಬಿದ್ದ ಕಿಟ್‌ಗಳಲ್ಲಿ ಅವಧಿ ಮುಗಿದ ಆಂಪೂಲ್ ಸಿಗುವುದು ಅಪರೂಪವೇನಲ್ಲ. ಯಾವ ತೂಕಕ್ಕೆ ಎಷ್ಟು ಅಡ್ರಿನಲಿನ್ ಎಂಬ ಪಟ್ಟಿಗೆ ಡಾಕ್ಟರ ಸಹಿ ಹಾಕಿಸಿ ಮುಚ್ಚಳದ ಒಳಗೆ ಅಂಟಿಸಿ. ಇನ್ಸುಲಿನ್ ಸಿರಿಂಜಿನಲ್ಲಿ ಅಡ್ರಿನಲಿನ್ ಎಳೆಯುವವರು ಸಿರಿಂಜಿನ ಮೇಲೆ ಒಂದು ಎಂಎಲ್‌ಗೆ 40 ಯೂನಿಟ್ ಎಂದಿದೆಯೋ 100 ಎಂದಿದೆಯೋ ನೋಡಲೇಬೇಕು. 0.2 ಎಂಎಲ್ ಎಂದರೆ 40ರ ಸಿರಿಂಜಿನಲ್ಲಿ 8 ಯೂನಿಟ್‌ನ ಗೆರೆ, 100ರದ್ದರಲ್ಲಿ 20 ಯೂನಿಟ್‌ನ ಗೆರೆ. ಗಾಬರಿಯ ಹೊತ್ತಲ್ಲಿ ಈ ಲೆಕ್ಕ ತಲೆಗೆ ಹತ್ತುವುದಿಲ್ಲ, ಮೊದಲೇ ಬರೆದಿಡಿ.

4. ತಣ್ಣನೆ ಪೆಟ್ಟಿಗೆ

ಬಿಸಿಲೂರಿನವರಾದ ನಮಗೆ ಲಸಿಕೆ ಬಿಸಿಯಾದೀತೆಂಬ ಭಯವೇ ಹೆಚ್ಚು. ಅದಕ್ಕೇ ಐಸ್ ಜಾಸ್ತಿ ತುರುಕುತ್ತೇವೆ. ಫ್ಲೂ ಲಸಿಕೆ ಇರಬೇಕಾದ್ದು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಒಮ್ಮೆ ಹೆಪ್ಪುಗಟ್ಟಿದರೆ ಅದು ಕೆಟ್ಟಂತೆಯೇ. ಕರಗಿದ ಮೇಲೆ ನೋಡಲು ಮೊದಲಿನಂತೆಯೇ ತಿಳಿಯಾಗಿ ಕಾಣಬಹುದು, ಅಪಾಯ ಇರುವುದೇ ಅಲ್ಲಿ. ಟಿಡಿ, ಡಿಪಿಟಿ ಲಸಿಕೆಗಳಿಗೆ ಮಾಡುವ ಕುಲುಕಿ ನೋಡುವ ಪರೀಕ್ಷೆ ಇದಕ್ಕೆ ನಡೆಯುವುದಿಲ್ಲ. ಅವುಗಳಲ್ಲಿ ಅಲ್ಯೂಮಿನಿಯಂ ಉಪ್ಪು ಇರುತ್ತದೆ, ಹೆಪ್ಪುಗಟ್ಟಿದರೆ ಗಸಿ ಬೇಗ ತಳಕ್ಕೆ ಕೂರುತ್ತದೆ. ಸಾಮಾನ್ಯ ಫ್ಲೂ ಲಸಿಕೆಯಲ್ಲಿ ಅದಿಲ್ಲ, ಕುಲುಕಿದರೂ ಏನೂ ಗೊತ್ತಾಗದು. ಹೆಪ್ಪುಗಟ್ಟಿದ ಅನುಮಾನ ಬಂದರೆ ಪಕ್ಕಕ್ಕಿಟ್ಟು ಡಾಕ್ಟರಿಗೆ ತಿಳಿಸಿ, ದುಬಾರಿಯೆಂದು ಮರುಗಬೇಡಿ.

ಐಸ್ ಪ್ಯಾಕನ್ನು ಫ್ರೀಜರ್‌ನಿಂದ ತೆಗೆದ ಕೂಡಲೇ ಕ್ಯಾರಿಯರ್‌ಗೆ ಹಾಕಬಾರದು. ಮೇಜಿನ ಮೇಲೆ ಹರಡಿ ಬಿಡಿ. ಮೇಲೆ ಬೆವರಿನಂತೆ ಹನಿ ಮೂಡಿ, ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ನೀರು ಗುಳುಗುಳು ಅನ್ನಬೇಕು. ಆಗ ಒರೆಸಿ ನಾಲ್ಕು ಗೋಡೆಗೆ ನಾಲ್ಕು ಇಡಿ. ಇದಕ್ಕೆ ಗಡಿಯಾರ ನೋಡಬೇಡಿ. ಏಪ್ರಿಲ್ ಬಿಸಿಲಲ್ಲಿ ಬೇಗ ಆಗುತ್ತದೆ, ಮೋಡ ಕವಿದ ಜೂನ್‌ನಲ್ಲಿ ತಡ. ಶಬ್ದವೇ ಗುರುತು. ಸಿರಿಂಜುಗಳು ತಮ್ಮ ರಟ್ಟಿನ ಡಬ್ಬದಲ್ಲೇ ಇರಲಿ, ಡಬ್ಬಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನಡುವೆ ಇಡಿ, ಐಸಿಗೆ ತಾಗದಿರಲಿ.

ಹಿಂದಿನ ರಾತ್ರಿ ಫ್ರಿಜ್‌ನಲ್ಲಿ ಇಡುವುದಾದರೆ ನಡುವಿನ ತಟ್ಟೆಯಲ್ಲಿಡಿ. ಬಾಗಿಲಲ್ಲಿ ಬೇಡ, ಫ್ರೀಜರ್ ಪೆಟ್ಟಿಗೆಯ ಕೆಳಗೂ ಬೇಡ. ಜಗಳೂರು, ಚಳ್ಳಕೆರೆ ಕಡೆಯ ಹಳ್ಳಿ ಶಾಲೆಗೆ ಹೋಗುವಾಗ ಕ್ಯಾರಿಯರ್ ಜೀಪಿನ ಡಿಕ್ಕಿಯಲ್ಲಿರಬಾರದು, ಸೀಟಿನ ಮೇಲೆ ನೆರಳಲ್ಲಿ ನಿಮ್ಮ ಪಕ್ಕದಲ್ಲಿರಲಿ. ಹೊರಡುವಾಗ, ತಲುಪಿದಾಗ, ಮುಗಿದಾಗ, ಹೀಗೆ ಮೂರು ಸಲ ಉಷ್ಣಾಂಶ ಬರೆಯಿರಿ.

5. ಕೋಣೆ ಮತ್ತು ಸಾಲು

ತಗಡಿನ ಶೀಟಿನ ಕೋಣೆ ಬೇಡ, ಗಾಳಿಯಾಡುವ ಕೋಣೆ ಕೇಳಿ ತೆಗೆದುಕೊಳ್ಳಿ. ಒಳಗೆ ಬರಲು ಒಂದು ಬಾಗಿಲು, ಹೋಗಲು ಇನ್ನೊಂದು. ಚುಚ್ಚಿಸಿಕೊಂಡು ಅಳುತ್ತಾ ಬಂದ ಮಗು ಕಾಯುತ್ತಿರುವ ಸಾಲಿನ ಮುಂದೆ ಹಾದುಹೋದರೆ ಮುಂದಿನ ಒಂದು ಗಂಟೆ ಹಾಳು. ಮೇಜಿಗೆ ಅಡ್ಡವಾಗಿ ಪರದೆ ಅಥವಾ ಸೀರೆ ಕಟ್ಟಿ. ಹೊರಗೆ ಎಂಟು ಹತ್ತು ಮಕ್ಕಳು ಮಾತ್ರ, ಅದೂ ಬೆಂಚಿನ ಮೇಲೆ ಕೂತಿರಲಿ. ಉಳಿದವರು ಕ್ಲಾಸಿನಲ್ಲೇ ಇರಲಿ.

ಹೊಟ್ಟೆ ಖಾಲಿ ಇದ್ದ ಮಗುವಿಗೆ ಚುಚ್ಚಬೇಡಿ. ತಿಂಡಿ ತಿನ್ನದೆ ಆಟೋ ಹತ್ತಿ ಬರುವ ಮಕ್ಕಳು ಪ್ರತಿ ಕ್ಲಾಸಿನಲ್ಲೂ ಇದ್ದಾರೆ. ಸರ್ಕಾರಿ ಶಾಲೆಯಾದರೆ ಬೆಳಗಿನ ಕ್ಷೀರಭಾಗ್ಯದ ಹಾಲು ಕುಡಿದ ಮೇಲೆ ಶುರು ಮಾಡಿ. ಖಾಸಗಿ ಶಾಲೆಯಲ್ಲಿ ಬಾಳೆಹಣ್ಣೋ ಬಿಸ್ಕತ್ತೋ ತರಿಸಿಡಲು ಮೊದಲೇ ಹೇಳಿ, ನೀರು ಕುಡಿಸಿ. ಪ್ರಾರ್ಥನೆಗೆ ಬಿಸಿಲಲ್ಲಿ ನಿಂತು ಬಂದವರನ್ನು ನೇರ ಸಾಲಿಗೆ ಕರೆದರೆ ಬೀಳುವವರ ಸಂಖ್ಯೆ ಹೆಚ್ಚುತ್ತದೆ.

ಯಾರು ಮೊದಲು ಎಂಬ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯವಿದೆ. ಹೆದರುವ ಮಗುವನ್ನು "ಕೊನೆಗೆ ನೋಡೋಣ" ಎಂದು ಕೂರಿಸುವುದು ದೊಡ್ಡ ತಪ್ಪು. ಕಾದಷ್ಟೂ ಅದರ ಭಯ ಬೆಳೆಯುತ್ತದೆ, ಪಕ್ಕದವರಿಗೂ ಅಂಟುತ್ತದೆ. ಟೀಚರನ್ನು ಕೇಳಿ ಅಂಥವರನ್ನು ಮೊದಲೇ ಗುರುತಿಸಿ, ಒಳಗೆ ಮಲಗಿಸಿ ಹಾಕಿ ಮುಗಿಸಿ. ತಲೆ ಸುತ್ತಿ ಬೀಳುವುದು ಸಣ್ಣ ಮಕ್ಕಳಿಗಿಂತ ಹೈಸ್ಕೂಲಿನವರಲ್ಲಿ ಹೆಚ್ಚು ಎಂಬುದೂ ನೆನಪಿರಲಿ.

6. ಕುರ್ಚಿಯಲ್ಲಿ ಕೂತ ಮೇಲೆ ಕೇಳಬೇಕಾದದ್ದು

ಹೆಸರು, ತಂದೆಯ ಹೆಸರು, ಕ್ಲಾಸು. ಒಂದೇ ಕ್ಲಾಸಿನಲ್ಲಿ ಮೂವರು ಸಂಜನಾ, ಇಬ್ಬರು ಬಸವರಾಜ ಇರುತ್ತಾರೆ. ಒಪ್ಪಿಗೆ ಪತ್ರ ಆ ಮಗುವಿನದೇ ಎಂದು ತಾಳೆ ನೋಡಿ. ಈಗ ಮೈ ಬಿಸಿ ಇದೆಯೇ, ತಿಂಡಿ ಆಯಿತೇ ಕೇಳಿ. ಸುಮ್ಮನೆ ಮೂಗು ಸೋರುತ್ತಿದ್ದರೆ ಅಡ್ಡಿಯಿಲ್ಲ. ಜ್ವರ ಬಂದು ಸೊರಗಿದ ಮಗುವಿಗೆ ಬೇರೆ ದಿನ. ಹಿಂದಿನ ಫ್ಲೂ ಲಸಿಕೆಗೆ ತೀವ್ರ ಅಲರ್ಜಿ ಆಗಿದ್ದರೆ ಹಾಕುವಂತಿಲ್ಲ. ಹಿಂದೆ ಫ್ಲೂ ಲಸಿಕೆ ಹಾಕಿಸಿದ ಆರು ವಾರದೊಳಗೆ ಗೀಯನ್ ಬಾರೆ ಎಂಬ ನರದ ಕಾಯಿಲೆ ಬಂದಿದ್ದರೆ ಡಾಕ್ಟರು ನಿರ್ಧರಿಸಲಿ.

7. ಚುಚ್ಚುವುದು

ಮಗು ಕೂತಿರಬೇಕು, ನೀವೂ ಕೂತಿರಬೇಕು. ನಿಂತ ಮಗುವಿಗೆ ನಿಂತುಕೊಂಡು ಚುಚ್ಚುವುದು ನಮ್ಮ ಶಿಬಿರಗಳಲ್ಲಿ ಹೆಚ್ಚು ನಡೆಯುವ ತಪ್ಪು. ಮೇಲಿನಿಂದ ಬಾಗಿ ಚುಚ್ಚಿದಾಗ ಸೂಜಿ ಭುಜದ ಕೀಲಿನ ಹತ್ತಿರಕ್ಕೇ ಹೋಗುತ್ತದೆ. ತಿಂಗಳುಗಟ್ಟಲೆ ಉಳಿಯುವ ಭುಜದ ನೋವಿಗೆ ಇದೇ ಕಾರಣ.

ತೋಳು ಪೂರ್ತಿ ಕಾಣಬೇಕು. ಬಿಗಿಯಾದ ಯೂನಿಫಾರಂ ತೋಳನ್ನು ಮೇಲಕ್ಕೆ ಸುತ್ತಿದರೆ ಅರ್ಧ ಭುಜ ಮುಚ್ಚಿರುತ್ತದೆ, ಜಾಗ ತಪ್ಪುತ್ತದೆ. ಪರದೆಯ ಹಿಂದೆ ಒಂದು ಕೈ ಅಂಗಿಯಿಂದ ಹೊರತೆಗೆಸಿ. ದೊಡ್ಡ ಹುಡುಗಿಯರ ಜೊತೆ ಒಬ್ಬ ಟೀಚರಮ್ಮ ಇರಲಿ.

ಭುಜದ ತುದಿಯಲ್ಲಿ ಮೂಳೆಯ ಅಂಚು ಕೈಗೆ ಸಿಗುತ್ತದೆ. ಅಲ್ಲಿಂದ ಎರಡು ಬೆರಳು ಕೆಳಗೆ, ಕಂಕುಳ ಮಡಿಕೆಯ ಮಟ್ಟಕ್ಕಿಂತ ಮೇಲೆ, ತೋಳಿನ ಹೊರಬದಿಯ ದಪ್ಪ ಭಾಗದ ನಡುವೆ ಜಾಗ. ಕುಂಡಿಗೆ ಹಾಕುವುದು ಬೇಡವೇ ಬೇಡ. ಸ್ಪಿರಿಟ್ ಹಚ್ಚಿದ್ದರೆ ಪೂರ್ತಿ ಆರಲಿ, ಒದ್ದೆಯಲ್ಲಿ ಚುಚ್ಚಿದರೆ ಉರಿ ಹೆಚ್ಚು.

ಸಿರಿಂಜನ್ನು ಮೆಲ್ಲಗೆ ಕುಲುಕಿ. ಒಳಗಿನ ಸಣ್ಣ ಗುಳ್ಳೆ ತೆಗೆಯಬೇಕೇ ಬೇಡವೇ ಎಂಬುದನ್ನು ಆ ಲಸಿಕೆಯ ಚೀಟಿಯಲ್ಲಿ ಓದಿಕೊಳ್ಳಿ; ಗುಳ್ಳೆ ಓಡಿಸಲು ಹೋಗಿ ಲಸಿಕೆಯ ಹನಿ ಚೆಲ್ಲುವವರೇ ಹೆಚ್ಚು. ಶಾಲೆಯ ಮಕ್ಕಳೆಲ್ಲರಿಗೂ ಡೋಸ್ 0.5 ಎಂಎಲ್. ಒಂದನೇ ಕ್ಲಾಸಿನ ಪುಟ್ಟ ಮಗು ಎಂದು ಅರ್ಧ ಹಾಕುವುದು ಕರುಣೆಯಲ್ಲ, ಅರ್ಧ ಹಾಕಿದರೆ ಹಾಕದಂತೆಯೇ.

25 ಎಂಎಂ ಸೂಜಿ ಹೆಚ್ಚಿನವರಿಗೆ ಸರಿ. ತೀರಾ ಸಣಕಲು ಮಗುವಿಗೆ 16 ಎಂಎಂ ಸಾಕು, ಆಗ ಚರ್ಮವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ಹಿಡಿಯಿರಿ. ಸೂಜಿ ನೆಟ್ಟಗೆ, 90 ಡಿಗ್ರಿಯಲ್ಲಿ, ಒಂದೇ ಚಲನೆಗೆ ಒಳಗೆ. ರಕ್ತ ಬರುತ್ತದೆಯೇ ಎಂದು ಹಿಂದಕ್ಕೆ ಎಳೆದು ನೋಡುವುದು ಈಗ ಬೇಕಿಲ್ಲ, ಅದರಿಂದ ನೋವೇ ಹೆಚ್ಚು. ಲಸಿಕೆ ತಳ್ಳಿ, ಅದೇ ದಾರಿಯಲ್ಲಿ ಹೊರಗೆ. ಒಣ ಹತ್ತಿ ಒತ್ತಿ ಹಿಡಿಯಲು ಹೇಳಿ, ಉಜ್ಜಬಾರದು.

ಸಣ್ಣ ಮಕ್ಕಳನ್ನು ದೊಡ್ಡವರು ತೊಡೆಯ ಮೇಲೆ ಅಡ್ಡಲಾಗಿ ಕೂರಿಸಿಕೊಳ್ಳಲಿ. ಮಗುವಿನ ಕಾಲುಗಳು ಅವರ ಕಾಲುಗಳ ನಡುವೆ, ಆಚೆ ಕೈ ಅವರ ಬೆನ್ನ ಹಿಂದೆ. ನಾಲ್ಕು ಜನ ಹಿಡಿದು ಒತ್ತುವುದು ಬೇಡ. ಆ ಮಗು ಮುಂದೆ ಯಾವ ಆಸ್ಪತ್ರೆಯ ಮೆಟ್ಟಿಲನ್ನೂ ಹತ್ತಲು ಒಪ್ಪುವುದಿಲ್ಲ. "ನೋಯಲ್ಲ" ಎಂದು ಸುಳ್ಳು ಹೇಳಬೇಡಿ. "ಕುಂದ್ರು ತಮ್ಮಾ, ಕಟ್ಟಿರುವೆ ಕಚ್ಚಿದಂಗೆ ಆಗುತ್ತೆ, ಐದು ಎಣಿಸು, ಮುಗೀತು" ಅನ್ನಿ. ಎಣಿಸುವ ಮಗು ಉಸಿರು ಬಿಗಿ ಹಿಡಿಯುವುದಿಲ್ಲ. "ಗಲಾಟೆ ಮಾಡಿದ್ರೆ ಇನ್ನೊಂದು ಸೂಜಿ ಮಾಡಿಸ್ತೀನಿ" ಎನ್ನುವ ಮೇಷ್ಟ್ರಿಗೆ ಆ ಮಾತು ಬೇಡವೆಂದು ಮೊದಲೇ ಕೇಳಿಕೊಳ್ಳಿ.

8. ಬಳಸಿದ ಸೂಜಿ

ಮುಚ್ಚಳ ತಿರುಗಿ ಹಾಕಬೇಡಿ, ನರ್ಸ್‌ಗಳಿಗೆ ಸೂಜಿ ಚುಚ್ಚಿಕೊಳ್ಳುವುದು ಹೆಚ್ಚಾಗಿ ಆಗಲೇ. ಸೂಜಿ ಕೂಡಿಕೊಂಡಿರುವ ಸಿರಿಂಜನ್ನು ಇಡಿಯಾಗಿ ಬಿಳಿ ಡಬ್ಬಕ್ಕೆ ಹಾಕಿ. ಗಾಜಿನದಾದರೆ ಸೂಜಿ ಕತ್ತರಿಸುವ ಹಬ್ ಕಟರ್‌ಗೆ ತುರುಕಬೇಡಿ, ಸಿಡಿಯುತ್ತದೆ. ರಕ್ತ ತಾಗಿದ ಹತ್ತಿ ಹಳದಿ ಚೀಲಕ್ಕೆ, ಸೂಜಿಯಿಲ್ಲದ ಪ್ಲಾಸ್ಟಿಕ್ ಕೆಂಪಿಗೆ. ಎಲ್ಲವೂ ಆಸ್ಪತ್ರೆಗೆ ವಾಪಸ್ ಹೋಗಬೇಕು. ಶಾಲೆಯ ಕಸದ ಬುಟ್ಟಿಗೆ ಹತ್ತಿಯ ಉಂಡೆಯೂ ಬೀಳಬಾರದು.

9. ಅರ್ಧ ಗಂಟೆಯ ಕಾವಲು

ಚುಚ್ಚಿದ ಮೇಲೆ 30 ನಿಮಿಷ ಎಲ್ಲ ಮಕ್ಕಳೂ ಕಣ್ಣೆದುರು ಇರಬೇಕು, ನೆಲದ ಮೇಲೆ ಕೂತಿರಲಿ. ಕೂತ ಮಗು ಬಿದ್ದರೆ ತಲೆ ಒಡೆಯುವುದಿಲ್ಲ. ಚುಚ್ಚುವವರೇ ಇವರನ್ನೂ ನೋಡಿಕೊಳ್ಳುವುದು ಆಗದ ಮಾತು. ಈ ಕೆಲಸಕ್ಕೆ ಇನ್ನೊಬ್ಬ ಸಿಸ್ಟರ್ ಬೇಕೇ ಬೇಕು.

ಭಯದಿಂದ ತಲೆ ಸುತ್ತುವುದು ಚುಚ್ಚುವ ಮುಂಚೆ, ಚುಚ್ಚುವಾಗ ಅಥವಾ ಕೆಲವೇ ನಿಮಿಷದಲ್ಲಿ ಆಗುತ್ತದೆ. ಮುಖ ಬಿಳಿಚಿ, ತಣ್ಣನೆ ಬೆವರು ಬಂದು, ನಾಡಿ ನಿಧಾನವಾಗುತ್ತದೆ. ಕೈಕಾಲು ಒಂದೆರಡು ಸಲ ಅದುರಿದರೆ ಮೂರ್ಛೆರೋಗ ಎಂದು ಕಿರುಚಬೇಡಿ. ಮಲಗಿಸಿ, ಕಾಲನ್ನು ದಿಂಬಿನ ಮೇಲೆತ್ತಿ, ಗಾಳಿ ಬಿಡಿ. ಒಂದೆರಡು ನಿಮಿಷದಲ್ಲಿ ಕಣ್ಣು ಬಿಡುತ್ತದೆ. ಮೂಗಿಗೆ ಈರುಳ್ಳಿ, ಕೈಗೆ ಕಬ್ಬಿಣದ ಕೀಲಿ, ಬಾಯಿಗೆ ನೀರು ಯಾವುದೂ ಬೇಡ. ಎಚ್ಚರವಿಲ್ಲದ ಮಗುವಿನ ಬಾಯಿಗೆ ಹಾಕಿದ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ.

ಒಬ್ಬರ ಹಿಂದೆ ಒಬ್ಬರು ಬೀಳತೊಡಗಿದರೆ ಚುಚ್ಚುವುದನ್ನು ನಿಲ್ಲಿಸಿ. ಬಿದ್ದವರನ್ನು ಬೇರೆ ಬೇರೆ ಮಾಡಿ, ಗುಂಪು ಚದುರಿಸಿ, ನಿಮ್ಮ ದನಿ ತಗ್ಗಿಸಿ. ಮಕ್ಕಳು ನಟಿಸುತ್ತಿಲ್ಲ, ಭಯಕ್ಕೆ ಮೈ ಕೊಡುವ ಉತ್ತರ ಅದು, ಬಯ್ಯಬೇಡಿ. ಆದರೂ ಡಾಕ್ಟರು ಒಬ್ಬೊಬ್ಬರನ್ನೂ ನೋಡಲೇಬೇಕು.

ಅಪಾಯದ ಅಲರ್ಜಿ ಬೇರೆ ತರಹ. ಬಹಳ ಅಪರೂಪ, ಬಂದರೆ ಸಾಮಾನ್ಯವಾಗಿ ಈ ಅರ್ಧ ಗಂಟೆಯಲ್ಲೇ. ಮೈಮೇಲೆ ಕೆಂಪು ದದ್ದು, ತುಟಿ ಅಥವಾ ಕಣ್ಣು ಊತ, ಗೊಗ್ಗರು ದನಿ, ಸುಯ್‌ಗುಟ್ಟುವ ಉಸಿರು, ವಾಂತಿ. ನಾಡಿ ನಿಧಾನವಲ್ಲ, ವೇಗವಾಗಿ ಮತ್ತು ಕ್ಷೀಣವಾಗಿ ಓಡುತ್ತದೆ. ಮಲಗಿಸಿದರೂ ಸುಧಾರಿಸುವುದಿಲ್ಲ. ಹೀಗಾದಾಗ ಮೊದಲ ಔಷಧ ಅಡ್ರಿನಲಿನ್. ತೊಡೆಯ ಹೊರಬದಿಯ ನಡುಭಾಗದ ಸ್ನಾಯುವಿಗೆ, 1:1000 ದ್ರಾವಣ ಕಿಲೋ ತೂಕಕ್ಕೆ 0.01 ಎಂಎಲ್‌ನಂತೆ: 20 ಕಿಲೋ ಮಗುವಿಗೆ 0.2, 30 ಕಿಲೋಗೆ 0.3. ಡಾಕ್ಟರು ಸಹಿ ಹಾಕಿದ ಪಟ್ಟಿಯ ಗರಿಷ್ಠ ಮಿತಿ ಮೀರಬೇಡಿ. ಸೆಟ್ರಿಜಿನ್ ಕೊಟ್ಟೋ ಹೈಡ್ರೋಕಾರ್ಟಿಸೋನ್ ಹಾಕಿಯೋ "ನೋಡೋಣ" ಎಂದು ಕಾಯುವುದರಲ್ಲೇ ಜೀವ ಹೋಗುತ್ತದೆ. ಅದೇ ಹೊತ್ತಿಗೆ ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಮಲಗಿಸಿ ಕಾಲೆತ್ತಿ, ಉಸಿರು ಕಟ್ಟುತ್ತಿದ್ದರೆ ಕೂರಲು ಬಿಡಿ, ಎಬ್ಬಿಸಿ ನಡೆಸಬೇಡಿ. ಐದು ನಿಮಿಷದಲ್ಲಿ ಸುಧಾರಿಸದಿದ್ದರೆ ಅದೇ ಡೋಸ್ ಮತ್ತೊಮ್ಮೆ. ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು, ಲಕ್ಷಣ ಮರಳಿ ಬರುವುದುಂಟು. ಯಾವ ಆಸ್ಪತ್ರೆಗೆ, ಯಾವ ದಾರಿಯಲ್ಲಿ ಎಂಬುದನ್ನು ಬೆಳಗ್ಗೆಯೇ ಗೊತ್ತು ಮಾಡಿಡಿ. ದಾವಣಗೆರೆ ಪೇಟೆಯಲ್ಲಾದರೆ ಚಿಗಟೇರಿ ಜಿಲ್ಲಾಸ್ಪತ್ರೆ ಹತ್ತಿರ. ಮೊಳಕಾಲ್ಮೂರಿನ ಒಳಹಳ್ಳಿಯಲ್ಲಾದರೆ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಎಷ್ಟು ಹೊತ್ತು ಬೇಕೆಂದು ಡ್ರೈವರ್‌ನನ್ನು ಕೇಳಿ ಬರೆದಿಟ್ಟುಕೊಳ್ಳಿ.

10. ಮನೆಗೆ ಕಳಿಸುವಾಗ

ಮಗುವಿನ ಡೈರಿಯಲ್ಲಿ ಒಂದು ಚೀಟಿ ಅಂಟಿಸಿ: ಲಸಿಕೆಯ ಹೆಸರು, ಬ್ಯಾಚ್ ನಂಬರ್, ಯಾವ ಕೈ, ತಾರೀಕು, ಡಾಕ್ಟರ ಫೋನ್. ಇದೇ ವಿವರ ರಿಜಿಸ್ಟರ್‌ನಲ್ಲೂ ಇರಲಿ. ಒಂದೆರಡು ದಿನ ಕೈ ನೋವು, ಸಣ್ಣ ಜ್ವರ ಬರಬಹುದು. ಜ್ವರ ಬಂದರೆ ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್ ಕೊಡಿ, ಬರುವ ಮುಂಚೆಯೇ ಬೇಡ, ಆಸ್ಪಿರಿನ್ ಬೇಡವೇ ಬೇಡ. ಸ್ನಾನಕ್ಕೆ, ಊಟಕ್ಕೆ ಪಥ್ಯವಿಲ್ಲ. ಎರಡು ದಿನ ದಾಟಿದ ಜ್ವರ, ಕೈ ಎತ್ತಲಾಗದ ನೋವು, ಮೈಮೇಲೆ ದದ್ದು ಕಂಡರೆ ಫೋನ್ ಮಾಡಲಿ. "ಲಸಿಕೆ ಹಾಕಿಸಿದ ಮೇಲೇ ನೆಗಡಿ ಬಂತು" ಎನ್ನುವವರಿಗೆ ಹೀಗೆ ಹೇಳಿ: ಈ ಸೂಜಿಯ ಲಸಿಕೆಯಲ್ಲಿ ಜೀವಂತ ವೈರಸ್ ಇಲ್ಲ, ಅದರಿಂದ ಫ್ಲೂ ಬರಲಾರದು, ಮಳೆಗಾಲದಲ್ಲಿ ನೆಗಡಿ ತರುವ ಬೇರೆ ವೈರಸ್‌ಗಳು ಬೇಕಾದಷ್ಟಿವೆ.

ಹೊರಡುವ ಮುಂಚೆ ಲೆಕ್ಕ ಹಾಕಿ. ರಿಜಿಸ್ಟರ್‌ನ ಹೆಸರು, ಖಾಲಿ ಡಬ್ಬ, ಉಳಿದ ಸಿರಿಂಜು ತಾಳೆಯಾಗಬೇಕು. ಗಂಭೀರ ತೊಂದರೆ ಏನಾದರೂ ಆಗಿದ್ದರೆ ಅಂದೇ ವೈದ್ಯಾಧಿಕಾರಿಗೆ ತಿಳಿಸಿ.

ಕೊನೆಗೆ ಆ ಬಣ್ಣದ ಹಾಳೆ. ಮಾರ್ಚ್ ಕೊನೆಯಲ್ಲಿ ಮೊದಲ ಡೋಸ್ ಹಾಕಿದ್ದರೆ ಎರಡನೆಯದು ಬರುವುದು ರಜೆಯ ನಡುವೆ. ಶಾಲೆಯಲ್ಲಿ ಯಾರೂ ಇರುವುದಿಲ್ಲ, ಡೈರಿ ಯಾರೂ ತೆರೆಯುವುದಿಲ್ಲ. ಅದಕ್ಕೇ ಪಟ್ಟಿಯ ಪ್ರತಿ ಮನೆಗೂ ತಾರೀಕು ಬರೆದ ಮೆಸೇಜು ಆ ದಿನವೇ ಕಳಿಸಿ, ನಾಲ್ಕನೇ ವಾರ ಮತ್ತೆ ಫೋನ್ ಮಾಡಿ. ಮಗು ಹೊಸದುರ್ಗದಲ್ಲೋ ಹೊನ್ನಾಳಿಯಲ್ಲೋ ಅಜ್ಜಿ ಮನೆಯಲ್ಲಿದ್ದರೆ ಅಲ್ಲಿನ ಮಕ್ಕಳ ಡಾಕ್ಟರ ಹತ್ತಿರ ಹಾಕಿಸಬಹುದು, ಚೀಟಿ ತೋರಿಸಿದರೆ ಸಾಕು. ನಾಲ್ಕು ವಾರ ಮೀರಿ ತಡವಾಗಿದ್ದರೂ ಮೊದಲಿನಿಂದ ಶುರು ಮಾಡಬೇಕಿಲ್ಲ. ಉಳಿದವರಿಗೆ ಶಾಲೆ ತೆರೆದ ಮೊದಲ ವಾರವೇ ಹಾಕಿ ಮುಗಿಸಿ.